ತಲೆಯ ಹಿಂದೆ ಚೀಲ ಇರುವ ಮಗು: ಸ್ಕ್ಯಾನಿನಿಂದ ಅಂಗನವಾಡಿವರೆಗೆ ಅಪ್ಪ ಅಮ್ಮ ಮಾಡಬೇಕಾದ ಕೆಲಸ

ನನ್ನ ತಮ್ಮನ ಮಗಳು ಹುಟ್ಟಿದಾಗ ಅವಳ ತಲೆಯ ಹಿಂದೆ ಒಂದು ಚೀಲ ಇತ್ತು. ಮೂಸಂಬಿಯಷ್ಟು ದಪ್ಪ. ಮೇಲೆ ತೆಳು ಚರ್ಮ, ಒಳಗೆ ನೀರು ತುಂಬಿದ ಹಾಗೆ. ಹೆರಿಗೆ ಮಾಡಿಸಿದ ಡಾಕ್ಟರ್ ಒಂದು ಹೆಸರು ಹೇಳಿ, ಬೇಗ ದೊಡ್ಡ ಆಸ್ಪತ್ರೆಗೆ ಹೋಗಿ ಅಂದರು. ಆ ಹೆಸರನ್ನು ಸರಿಯಾಗಿ ಬರೆದುಕೊಳ್ಳುವುದಕ್ಕೂ ತಮ್ಮನಿಗೆ ಆಗಲಿಲ್ಲ, ಕೈ ನಡುಗುತ್ತಿತ್ತು. ಹೆಸರು ಎನ್ಸೆಫಲೋಸೀಲ್. ಅಂದರೆ ತಲೆಬುರುಡೆಯ ಕಿಂಡಿಯಿಂದ ಮಿದುಳಿನ ಪೊರೆ, ಕೆಲವೊಮ್ಮೆ ಮಿದುಳೂ ಹೊರಗೆ ಬಂದು ಆಗುವ ಚೀಲ.

ಆಮೇಲೆ ತಿಂಗಳುಗಟ್ಟಲೆ ಆಸ್ಪತ್ರೆಯ ಬೆಂಚಿನ ಮೇಲೆ ಇಂಥ ಬೇರೆ ಅಪ್ಪ ಅಮ್ಮಂದಿರ ಪಕ್ಕ ಕೂತೆ. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ಆಪರೇಷನ್ ಮಾಡಿದ್ರೆ ಸರಿಹೋಗುತ್ತಾ?" ಇದಕ್ಕೆ ಒಂದೇ ಪದದ ಉತ್ತರ ಇಲ್ಲ. ಆಪರೇಷನ್ ಮಾಡುವ ಕೆಲಸ ಇಷ್ಟೇ: ಚೀಲ ತೆಗೆದು, ಮಿದುಳಿನ ಪೊರೆಯನ್ನು ನೀರು ಸೋರದ ಹಾಗೆ ಹೊಲಿದು, ಚರ್ಮ ಮುಚ್ಚುವುದು. ಮಗು ಮುಂದೆ ನಡೆಯುತ್ತದಾ, ನೋಡುತ್ತದಾ, ಮಾತಾಡುತ್ತದಾ ಅನ್ನುವುದು ಚೀಲದೊಳಗೆ ಏನಿತ್ತು ಅನ್ನುವುದರ ಮೇಲೆ ನಿಂತಿದೆ. ಆಪರೇಷನ್ ಆದ ಮೇಲಿನ ತಿಂಗಳುಗಳಲ್ಲಿ ಮನೆಯವರು ಎಷ್ಟು ಗಮನ ಕೊಟ್ಟರು ಅನ್ನುವುದರ ಮೇಲೂ ನಿಂತಿದೆ. ಚೀಲದೊಳಗೆ ಇರುವುದನ್ನು ಯಾರೂ ಬದಲಿಸಲಾರರು. ಗಮನ ಕೊಡುವುದನ್ನು ಹತ್ತನೇ ಕ್ಲಾಸ್ ಓದದ ಅಜ್ಜಿಯೂ ಚೆನ್ನಾಗಿ ಮಾಡಬಲ್ಲಳು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಡಾಕ್ಟರ ಮುಂದೆ ಕೂತಾಗ ಏನು ಕೇಳಬೇಕು, ಮನೆಗೆ ಬಂದ ಮೇಲೆ ಏನು ನೋಡಬೇಕು ಅನ್ನುವುದಷ್ಟೇ ಇಲ್ಲಿದೆ.

ಮೊದಲು, ಇದು ಯಾಕೆ ಆಯಿತು

ಗರ್ಭದಲ್ಲಿ ಮಿದುಳು ಮತ್ತು ಬೆನ್ನುಹುರಿ ಮೊದಲು ಒಂದು ಚಪ್ಪಟೆ ಹಾಳೆಯ ಹಾಗಿರುತ್ತವೆ. ಹಾಳೆ ಮಡಚಿಕೊಂಡು ಕೊಳವೆಯಾಗುತ್ತದೆ. ಗರ್ಭ ಕಟ್ಟಿದ 28 ದಿನದ ಹೊತ್ತಿಗೆ ಈ ನರಕೊಳವೆ ಮುಚ್ಚಿಕೊಂಡಿರುತ್ತದೆ. ಅಂದರೆ ಮುಟ್ಟು ನಿಂತು ಎರಡು ವಾರ ಆಗುವಷ್ಟರಲ್ಲಿ. ಆ ದಿನಗಳ ಆಸುಪಾಸಿನಲ್ಲಿ ಏನೋ ಒಂದು ತಪ್ಪಿದರೆ ತಲೆಬುರುಡೆಯಲ್ಲಿ ಕಿಂಡಿ ಉಳಿದುಬಿಡುತ್ತದೆ. ಅಲ್ಲಿಂದ ಮಿದುಳಿನ ಪೊರೆ, ನೀರು, ಕೆಲವೊಮ್ಮೆ ಮಿದುಳಿನ ಒಂದು ಭಾಗ ಹೊರಗೆ ಬರುತ್ತದೆ.

ಗ್ರಹಣದ ದಿನ ಹೊರಗೆ ಬಂದಿದ್ದಕ್ಕೆ, ಏಳನೇ ತಿಂಗಳಲ್ಲಿ ಭಾರ ಎತ್ತಿದ್ದಕ್ಕೆ ಹೀಗಾಯಿತು ಅಂತ ಬಾಣಂತಿಯ ಕಿವಿಗೆ ಬೀಳುವ ಹಾಗೆ ಹೇಳುವವರು ಇರುತ್ತಾರೆ. ಏಳನೇ ತಿಂಗಳ ಹೊತ್ತಿಗೆ ಇದು ಆಗಿ ಎಷ್ಟೋ ಕಾಲವಾಗಿರುತ್ತದೆ. ಆ ಮಾತನ್ನು ಮೊದಲ ದಿನವೇ ನಿಲ್ಲಿಸಿ. ಮನೆಯ ಹಿರಿಯರೊಬ್ಬರು ನಿಲ್ಲಿಸಿದರೆ ಇನ್ನೂ ಒಳ್ಳೆಯದು.

ಹೆಜ್ಜೆ 1: ಸ್ಕ್ಯಾನಿನಲ್ಲೇ ಗೊತ್ತಾದರೆ

18ರಿಂದ 20 ವಾರದ ನಡುವೆ ಮಗುವಿನ ಅಂಗಗಳು ಸರಿ ಇವೆಯಾ ಅಂತ ನೋಡುವ ಅನಾಮಲಿ ಸ್ಕ್ಯಾನಿನಲ್ಲಿ ಇದು ಸಾಮಾನ್ಯವಾಗಿ ಕಾಣುತ್ತದೆ. ನಮ್ಮ ಮನೆಯಲ್ಲಿ ಆ ಸ್ಕ್ಯಾನ್ ತಪ್ಪಿತ್ತು. ನೀವು ತಪ್ಪಿಸಬೇಡಿ.

ಕಂಡರೆ ಆ ದಿನವೇ ಏನೂ ತೀರ್ಮಾನ ಮಾಡಬೇಡಿ. ಗರ್ಭದ ಮಗುವಿನ ಚಿಕಿತ್ಸೆಯಲ್ಲಿ ಪರಿಣತಿ ಇರುವ ಡಾಕ್ಟರ ಹತ್ತಿರ ಇನ್ನೊಂದು ಸಲ ನೋಡಿಸಿ. ಬೇಕಾದರೆ ಹೊಟ್ಟೆಯಲ್ಲಿರುವಾಗಲೇ ಮಗುವಿನ ಎಂಆರ್‌ಐ ಮಾಡುತ್ತಾರೆ. ಒಂದು ಪ್ರಶ್ನೆಯನ್ನು ಮರೆಯದೆ ಕೇಳಿ: "ಮೂತ್ರಪಿಂಡ, ಹೃದಯ, ಬೆರಳುಗಳು ಸರಿ ಇದೆಯಾ?" ತಲೆಯ ಹಿಂದೆ ಚೀಲ, ಮೂತ್ರಪಿಂಡದ ತುಂಬ ನೀರುಗುಳ್ಳೆ, ಕೈಕಾಲಿನಲ್ಲಿ ಹೆಚ್ಚಿಗೆ ಬೆರಳು ಒಟ್ಟಿಗೆ ಕಂಡರೆ ಅದು ಮೆಕೆಲ್-ಗ್ರೂಬರ್ ಅನ್ನುವ ವಂಶವಾಹಿ ತೊಂದರೆ ಇರಬಹುದು. ಅದರಲ್ಲಿ ಮಗು ಉಳಿಯುವುದಿಲ್ಲ. ಅಪ್ಪ ಅಮ್ಮ ಇಬ್ಬರಲ್ಲೂ ಅದೇ ದೋಷದ ಒಂದೊಂದು ಪ್ರತಿ ಅಡಗಿದ್ದಾಗ ಇದು ಬರುತ್ತದೆ. ನಮ್ಮ ಕಡೆ ಸೋದರಮಾವ, ಅತ್ತೆಯ ಮಗ ಅಂತ ರಕ್ತಸಂಬಂಧದಲ್ಲಿ ಮದುವೆ ಇನ್ನೂ ನಡೆಯುತ್ತವೆ ಅಲ್ವಾ, ಅದನ್ನು ಡಾಕ್ಟರಿಗೆ ಮುಚ್ಚಿಡಬೇಡಿ. ನಾಚಿಕೆ ಪಡುವ ವಿಷಯ ಅದಲ್ಲ. ತಪಾಸಣೆಯ ದಾರಿಯೇ ಅದರಿಂದ ಬದಲಾಗುತ್ತದೆ.

ಗರ್ಭ ಮುಂದುವರಿಸಬೇಕೇ ಬೇಡವೇ ಅನ್ನುವುದು ಆ ಗಂಡ ಹೆಂಡತಿಗೆ ಬಿಟ್ಟದ್ದು. ಕಾನೂನು ಏನು ಹೇಳುತ್ತದೆ ಅಂತ ಗೊತ್ತಿರಲಿ. 2021ರ ತಿದ್ದುಪಡಿಯ ನಂತರ, ಮಗುವಿಗೆ ಗಂಭೀರ ತೊಂದರೆ ಇದ್ದರೆ ಮೆಡಿಕಲ್ ಬೋರ್ಡ್ ಒಪ್ಪಿಗೆ ಕೊಟ್ಟಾಗ 24 ವಾರ ದಾಟಿದ ಮೇಲೂ ಗರ್ಭಪಾತಕ್ಕೆ ಅವಕಾಶ ಇದೆ. ಮುಂದುವರಿಸುವುದಾದರೆ, ನವಜಾತ ಶಿಶುಗಳ ಐಸಿಯು ಮತ್ತು ಮಿದುಳಿನ ಆಪರೇಷನ್ ಮಾಡುವ ನ್ಯೂರೋಸರ್ಜನ್ ಹತ್ತಿರದಲ್ಲಿರುವ ಕಡೆ ಹೆರಿಗೆ ಇಟ್ಟುಕೊಳ್ಳಿ. ಚೀಲ ದೊಡ್ಡದಾಗಿದ್ದರೆ ಹೆರಿಗೆಯಲ್ಲಿ ಒಡೆಯದ ಹಾಗೆ ಸಿಸೇರಿಯನ್ ಮಾಡುತ್ತಾರೆ. ಮೊದಲ ಹೆರಿಗೆ ತವರಲ್ಲೇ ಆಗಬೇಕು ಅನ್ನುವ ಪದ್ಧತಿಯನ್ನು ಈ ಒಂದು ಸಲ ಪಕ್ಕಕ್ಕಿಡಿ.

ಹೆಜ್ಜೆ 2: ಹುಟ್ಟಿದ ಮೊದಲ ಗಂಟೆಗಳು

ಚೀಲದ ಮೇಲೆ ಚರ್ಮ ಗಟ್ಟಿಯಾಗಿದೆಯಾ, ತೆಳು ಪೊರೆ ಮಾತ್ರ ಇದೆಯಾ, ಎಲ್ಲಾದರೂ ಸೋರುತ್ತಿದೆಯಾ? ಮೊದಲು ನೋಡಬೇಕಾದದ್ದು ಇದು. ಗಟ್ಟಿ ಚರ್ಮ ಇದ್ದರೆ ತಪಾಸಣೆ ಮಾಡಿಕೊಂಡು ಆಪರೇಷನ್ ದಿನ ಗೊತ್ತುಮಾಡಲು ಸಮಯ ಇರುತ್ತದೆ. ಸೋರುತ್ತಿದ್ದರೆ ಸಮಯ ಇಲ್ಲ. ಸೋರುವ ದಾರಿಯಲ್ಲೇ ಸೋಂಕು ಒಳಗೆ ಹೋಗುತ್ತದೆ.

ಸೋರುತ್ತಿರುವ ಅಥವಾ ಪೊರೆ ಮಾತ್ರ ಇರುವ ಚೀಲದ ಮೇಲೆ ಸಲೈನ್‌ನಲ್ಲಿ ಅದ್ದಿದ ಶುದ್ಧ ಗಾಜ್ ಬಟ್ಟೆ ಹಾಕುತ್ತಾರೆ. ಅದು ಒಣಗದಂತೆ ನೋಡಿಕೊಳ್ಳಬೇಕು. ಮಗುವನ್ನು ಮಗ್ಗುಲಾಗಿ ಮಲಗಿಸಿ. ಬಟ್ಟೆಯನ್ನು ಸಿಂಬಿಯ ಹಾಗೆ ಸುತ್ತಿ ಇಟ್ಟರೆ ಚೀಲದ ಮೇಲೆ ಭಾರ ಬೀಳುವುದಿಲ್ಲ. ಬಿಂದಿಗೆ ಹೊರುವಾಗ ತಲೆ ಮೇಲೆ ಇಟ್ಟುಕೊಳ್ಳುತ್ತಾರಲ್ಲ, ಅದೇ ಸಿಂಬಿ, ಮೆತ್ತಗಿನದು. ದಾರಿಯಲ್ಲಿ ಮಗು ತಣ್ಣಗಾಗಬಾರದು. ಡಾಕ್ಟರ್ ಒಪ್ಪಿದರೆ ತಾಯಿಯ ಎದೆಗೆ ಅಪ್ಪಿಕೊಂಡು, ಎದೆಹಾಲು ಕುಡಿಸುತ್ತ ಹೋಗಬಹುದು. ಆಂಬುಲೆನ್ಸಿಗೆ 108.

ಮಾಡಬಾರದ್ದೂ ಇದೆ. ಚೀಲಕ್ಕೆ ಅರಿಶಿನ, ಎಣ್ಣೆ, ವಿಭೂತಿ, ನಾಟಿ ಔಷಧಿ ಏನನ್ನೂ ಹಚ್ಚಬೇಡಿ. ಸೂಜಿ ಹಾಕಿ ನೀರು ತೆಗೆಸಬೇಡಿ. "ಸುಮ್ನೆ ಒಂದು ಸಲ ನೀರು ತೆಗೆದುಬಿಟ್ಟರೆ ಬತ್ತುತ್ತದೆ" ಅಂತ ಯಾರಾದರೂ ಹೇಳಿದರೆ ಮಗುವನ್ನು ಎತ್ತಿಕೊಂಡು ಅಲ್ಲಿಂದ ಎದ್ದುಬನ್ನಿ. ಮಿದುಳಿನ ಸುತ್ತ ಇರುವ ನೀರಿಗೂ ಆ ಚೀಲಕ್ಕೂ ನೇರ ದಾರಿ ಇದೆ.

ಹೆಜ್ಜೆ 3: ಎಲ್ಲಿಗೆ ಹೋಗುವುದು, ದುಡ್ಡು ಎಲ್ಲಿಂದ

ಬೆಂಗಳೂರಿನ ನಿಮ್ಹಾನ್ಸ್ ಹೆಸರು ಎಲ್ಲರಿಗೂ ಗೊತ್ತು. ಅದರ ಪಕ್ಕದಲ್ಲೇ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇದೆ. ಎಲ್ಲಿಗೇ ಹೋಗಿ, ಹೊರಡುವ ಮೊದಲು ಕಳಿಸುವ ಡಾಕ್ಟರಿಂದಲೇ ಅಲ್ಲಿಗೆ ಫೋನ್ ಮಾಡಿಸಿ. ಬೆಡ್ ಇದೆಯಾ, ಎಳೆ ಶಿಶುವಿಗೆ ಅನಸ್ತೇಶಿಯಾ, ಅಂದರೆ ಅರಿವಳಿಕೆ, ಕೊಡುವವರು ಇದ್ದಾರಾ ಅಂತ ಕೇಳಿಸಿ. ಇಂಥ ಶಿಶುಗಳ ಆಪರೇಷನ್ ಆಗಾಗ ಮಾಡುವ ತಂಡ ಇರುವ ಕಡೆ ಹೋಗುವುದು ಕಟ್ಟಡ ದೊಡ್ಡದಿರುವ ಕಡೆ ಹೋಗುವುದಕ್ಕಿಂತ ಮೇಲು.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇಕಡಾ 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಅನ್ನುವವರ ಡೆಸ್ಕ್ ಇರುತ್ತದೆ, ಮೊದಲು ಅಲ್ಲಿ ಹೋಗಿ ನಿಂತುಕೊಳ್ಳಿ. ರೇಷನ್ ಕಾರ್ಡ್, ಆಧಾರ್, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ, ತಾಯಿ ಕಾರ್ಡ್ ಜೊತೆಯಲ್ಲಿರಲಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ನರಕೊಳವೆಯ ದೋಷವೂ ಇದೆ. ಆ ದಾರಿ ಹಿಡಿಯಲು ನಿಮ್ಮ ಊರಿನ ಆಶಾ ಕಾರ್ಯಕರ್ತೆಗೆ ಹೇಳಿ.

ಹೆಜ್ಜೆ 4: ಆಪರೇಷನ್‌ಗೆ ಮೊದಲು ಕೇಳಲೇಬೇಕಾದದ್ದು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಮುಂದಿನ ಎಲ್ಲ ದಿನಗಳ ಅಂದಾಜು ಇಲ್ಲೇ ಸಿಗುತ್ತದೆ.

ಎಂಆರ್‌ಐ ಆದ ಮೇಲೆ ಡಾಕ್ಟರಿಗೆ ಕೇಳಬೇಕಾದ ಮೊದಲ ಪ್ರಶ್ನೆ "ಚೀಲ ಎಷ್ಟು ದೊಡ್ಡದು" ಅಂತಲ್ಲ. ಅದು ಕಣ್ಣಿಗೆ ಕಾಣುತ್ತಲೇ ಇದೆ. "ಒಳಗೆ ಏನಿದೆ?" ಅಂತ ಕೇಳಿ. ಬರೀ ಪೊರೆ ಮತ್ತು ನೀರು ಇದ್ದರೆ ಅದಕ್ಕೆ ಮೆನಿಂಜೋಸೀಲ್ ಅನ್ನುತ್ತಾರೆ. ಅಂಥ ಮಕ್ಕಳಲ್ಲಿ ಬಹಳ ಜನ ಚೆನ್ನಾಗಿ ಬೆಳೆಯುತ್ತಾರೆ. ಮಿದುಳಿನ ಭಾಗ ಇದ್ದರೆ ಎಷ್ಟು ಇದೆ, ಯಾವ ಭಾಗ ಅನ್ನುವುದು ಮುಖ್ಯ. ತಲೆಗಿಂತ ದೊಡ್ಡ ಚೀಲದಲ್ಲಿ ಬರೀ ನೀರಿದ್ದು ಮಗು ಶಾಲೆಗೆ ಹೋಗಬಹುದು. ನಿಂಬೆಹಣ್ಣಿನಷ್ಟು ಚೀಲದಲ್ಲಿ ಉಸಿರಾಟ ನಡೆಸುವ ಮಿದುಳಿನ ಕಾಂಡದ ಭಾಗ ಇದ್ದು ಕಷ್ಟವಾಗಬಹುದು. ಕತ್ತಿನ ಮೇಲ್ಭಾಗದವರೆಗೂ ಕಿಂಡಿ ಇಳಿದಿದ್ದು, ಹಿಂಮಿದುಳೇ ಹೊರಗೆ ಬಂದಿದ್ದರೆ ಅದು ಕಿಯಾರಿ ಮೂರನೇ ಬಗೆ. ಅಪರೂಪ, ಮತ್ತು ಬಹಳ ಕಠಿಣ.

ಆಮೇಲಿನ ಪ್ರಶ್ನೆಗಳು. ಚೀಲ ಬಿಟ್ಟು ಉಳಿದ ತಲೆ ಸಣ್ಣದಾಗಿದೆಯಾ? ಬಹಳಷ್ಟು ಮಿದುಳು ಹೊರಗೆ ಬಂದು ತಲೆ ಸಣ್ಣದಾಗಿ ಉಳಿದಿದ್ದರೆ ಮುಂದಿನ ಬೆಳವಣಿಗೆಗೆ ಅದು ಒಳ್ಳೆಯ ಸೂಚನೆ ಅಲ್ಲ. ಮಿದುಳಿನೊಳಗೆ ಈಗಲೇ ನೀರು ತುಂಬಿಕೊಂಡಿದೆಯಾ? ದೊಡ್ಡ ರಕ್ತನಾಳ ಯಾವುದಾದರೂ ಚೀಲದೊಳಗೆ ಹಾದುಹೋಗಿದೆಯಾ? ಮಿದುಳಿನ ಬೇರೆ ಭಾಗಗಳು ಸರಿಯಾಗಿ ರೂಪುಗೊಂಡಿವೆಯಾ? ಈ ಉತ್ತರಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಆ ಗಾಬರಿಯಲ್ಲಿ ಯಾರ ತಲೆಯಲ್ಲೂ ಮಾತು ನಿಲ್ಲುವುದಿಲ್ಲ.

"ಮಿದುಳಿನ ಭಾಗವನ್ನೇ ಕತ್ತರಿಸುತ್ತಾರಂತೆ" ಅಂತ ನನ್ನ ತಮ್ಮ ಒಂದು ರಾತ್ರಿ ನಿದ್ದೆ ಮಾಡಲಿಲ್ಲ. ಅದು ನಿಜವೂ ಹೌದು. ಹೊರಗೆ ಬಂದ ಭಾಗ ಬಹಳ ಸಲ ಕೆಲಸ ಮಾಡದ, ಗಾಯದ ಕಲೆಯಂತಾದ ಅಂಗಾಂಶವಾಗಿರುತ್ತದೆ. ಅದನ್ನು ತೆಗೆಯುತ್ತಾರೆ. ಕೆಲಸ ಮಾಡುವ ಭಾಗ ಅಂತ ಅನಿಸಿದರೆ, ಜಾಗ ಇದ್ದರೆ, ಒಳಗೆ ಸೇರಿಸುವ ಪ್ರಯತ್ನ ಮಾಡುತ್ತಾರೆ. ತೆಗೆದದ್ದರಿಂದ ಮಗು ದಡ್ಡ ಆಗುವುದಿಲ್ಲ, ಆ ಭಾಗ ಹುಟ್ಟುವ ಮೊದಲೇ ಕೆಲಸ ಕಳೆದುಕೊಂಡಿತ್ತು ಅಂತ ಡಾಕ್ಟರ್ ಬಿಡಿಸಿ ಹೇಳಿದ ಮೇಲೆ ಅವನಿಗೆ ಸ್ವಲ್ಪ ಸಮಾಧಾನವಾಯಿತು.

ಕೆಲವು ಮಕ್ಕಳಿಗೆ ಆಪರೇಷನ್ ಮಾಡಿದರೂ ಉಪಯೋಗ ಇಲ್ಲ ಅಂತ ತಂಡ ಹೇಳಬಹುದು. ಆಗ ಇನ್ನೊಂದು ಕಡೆ ಅಭಿಪ್ರಾಯ ಕೇಳುವ ಹಕ್ಕು ನಿಮಗಿದೆ. ಅಲ್ಲಿಯೂ ಅದೇ ಮಾತು ಬಂದರೆ, ನೋವಿಲ್ಲದ ಹಾಗೆ, ಬೆಚ್ಚಗೆ, ಅಮ್ಮನ ಮಡಿಲಲ್ಲಿ ಇರುವಂತೆ ನೋಡಿಕೊಳ್ಳುವುದೂ ಚಿಕಿತ್ಸೆಯೇ. ಹಾಗೆ ಮಾಡಿದ ಅಪ್ಪ ಅಮ್ಮ ಮಗುವನ್ನು ಕೈಬಿಟ್ಟರು ಅಂತ ಯಾರೂ ಹೇಳಬಾರದು.

ಹೆಜ್ಜೆ 5: ಆಪರೇಷನ್ ದಿನ

ಮೂರು ಕಿಲೋ ತೂಗುವ ಶಿಶುವಿನ ಮೈಯಲ್ಲಿ ಇರುವ ರಕ್ತ ಸುಮಾರು 250 ಮಿಲಿಲೀಟರ್. ಒಂದು ದೊಡ್ಡ ಲೋಟದಷ್ಟು. ನಾಲ್ಕು ಚಮಚ ರಕ್ತ ಹೋದರೂ ಅದು ಸಣ್ಣ ಮಾತಲ್ಲ. ಅದಕ್ಕೇ ರಕ್ತವನ್ನು ಮೊದಲೇ ಹೊಂದಿಸಿ ಇಟ್ಟುಕೊಳ್ಳುತ್ತಾರೆ. ರಕ್ತ ಕೊಡಲು ಇಬ್ಬರು ಸಿದ್ಧವಿರಲಿ. ತಲೆಯ ಹಿಂದೆ ಚೀಲ ಇರುವುದರಿಂದ ಮಗುವನ್ನು ಅಂಗಾತ ಮಲಗಿಸಿ ಉಸಿರಾಟದ ಕೊಳವೆ ಹಾಕುವುದು ಕಷ್ಟ. ಮಗ್ಗುಲಲ್ಲಿ ಮಲಗಿಸಿ ಅಥವಾ ಚೀಲಕ್ಕೆ ಆಸರೆ ಕೊಟ್ಟು ಹಾಕುತ್ತಾರೆ. ಮೈ ತಣ್ಣಗಾಗುವುದು ಇನ್ನೊಂದು ಅಪಾಯ. ಅನಸ್ತೇಶಿಯಾ ಡಾಕ್ಟರ್ ಸಿಕ್ಕರೆ ಒಂದೆರಡು ನಿಮಿಷ ಮಾತಾಡಿ. ನಾವೆಲ್ಲ ಸರ್ಜನ್ ಹಿಂದೆಯೇ ಓಡಾಡುತ್ತೇವೆ. ಆ ಹೊತ್ತಿನಲ್ಲಿ ಮಗುವಿನ ಉಸಿರು ಅನಸ್ತೇಶಿಯಾದವರ ಕೈಯಲ್ಲಿರುತ್ತದೆ.

ಕಿಂಡಿ ಸಣ್ಣದಿದ್ದರೆ ಮೂಳೆ ತಾನಾಗಿ ಬೆಳೆದು ತುಂಬಿಕೊಳ್ಳಬಹುದು. ದೊಡ್ಡದಿದ್ದರೆ ಮಗು ಬೆಳೆದ ಮೇಲೆ ಅದೇ ಮಗುವಿನ ತಲೆಬುರುಡೆಯ ಮೂಳೆಯಿಂದ ಮುಚ್ಚುವ ಇನ್ನೊಂದು ಆಪರೇಷನ್ ಬೇಕಾಗಬಹುದು.

ಹೆಜ್ಜೆ 6: ವಾರ್ಡಿನಲ್ಲಿ

ಬ್ಯಾಂಡೇಜ್ ಒದ್ದೆಯಾಗಿದೆಯಾ ಅಂತ ದಿನಕ್ಕೆ ಹಲವು ಸಲ ನೋಡಿ. ತಿಳಿನೀರಿನಂಥದ್ದು ಜಿನುಗಿದರೆ ಅದು ಬೆವರಲ್ಲ, ಮಿದುಳಿನ ನೀರು ಇರಬಹುದು. ತಕ್ಷಣ ಸಿಸ್ಟರಿಗೆ ತೋರಿಸಿ. ಜ್ವರ, ಹಾಲು ಕುಡಿಯದಿರುವುದು, ಕೀರಲು ಅಳು, ತುಂಬಾ ಮಂಪರು ಇವು ಮೆನಿಂಜೈಟಿಸ್, ಅಂದರೆ ಮಿದುಳಿನ ಪೊರೆಯ ಸೋಂಕು, ಶುರುವಾದ ಗುರುತುಗಳಾಗಬಹುದು. "ಡಾಕ್ಟರ್ ಬೆಳಿಗ್ಗೆ ರೌಂಡ್ಸಿಗೆ ಬಂದಾಗ ಹೇಳೋಣ" ಅಂತ ಕಾಯಬೇಡಿ.

ಡಿಸ್ಚಾರ್ಜ್ ಆಗುವಾಗ ನಾಲ್ಕು ವಸ್ತು ಕೈಗೆ ಬರಲೇಬೇಕು: ಡಿಸ್ಚಾರ್ಜ್ ಸಮ್ಮರಿ, ಎಂಆರ್‌ಐ ಸಿಡಿ, ತೆಗೆದ ಭಾಗದ ಬಯಾಪ್ಸಿ ರಿಪೋರ್ಟ್, ಮತ್ತು ಆ ದಿನದ ತಲೆಯ ಸುತ್ತಳತೆ ಬರೆದ ಚೀಟಿ. ಕೊನೆಯದನ್ನು ಯಾರೂ ಕೇಳುವುದಿಲ್ಲ. ನೀವು ಕೇಳಿ.

ಹೆಜ್ಜೆ 7: ಮನೆಯಲ್ಲಿ ಒಂದು ಟೇಪು

ಚೀಲ ಇರುವಾಗ ಮಿದುಳಿನ ನೀರಿನ ಒತ್ತಡಕ್ಕೆ ಅದೂ ಒಂದು ಜಾಗವಾಗಿತ್ತು. ಅದನ್ನು ಮುಚ್ಚಿದ ಮೇಲೆ ಕೆಲವು ಮಕ್ಕಳಲ್ಲಿ ನೀರು ತಲೆಯೊಳಗೆ ಕಟ್ಟಿಕೊಳ್ಳಲು ಶುರುವಾಗುತ್ತದೆ. ಇದೇ ಹೈಡ್ರೋಸೆಫಲಸ್. ಅಂದರೆ ಆಪರೇಷನ್ ಚೆನ್ನಾಗಿ ಆಗಿ, ಗಾಯ ಒಣಗಿ, ಎಲ್ಲರೂ ಉಸಿರು ಬಿಟ್ಟ ಮೇಲೆ ಬರುವ ತೊಂದರೆ ಇದು. ಸರಿಯಾದ ಹೊತ್ತಿಗೆ ಹಿಡಿದರೆ ಚಿಕಿತ್ಸೆ ಇದೆ. ತಡವಾದರೆ ಆಪರೇಷನ್ನಿಂದ ಉಳಿಸಿಕೊಂಡ ಮಿದುಳನ್ನು ಕಳೆದುಕೊಳ್ಳುತ್ತೇವೆ.

ನಮ್ಮ ಮಗುವಿಗೆ ಎರಡು ತಿಂಗಳಾದಾಗ ತಲೆ ದಪ್ಪ ಕಾಣತೊಡಗಿತು. "ತಲೆ ದೊಡ್ಡದಿದ್ರೆ ಬುದ್ಧಿವಂತೆ ಆಗ್ತಾಳೆ ಬಿಡು" ಅಂತ ಮನೆಯಲ್ಲಿ ಎಲ್ಲರಿಗೂ ಖುಷಿ. ಟೇಪಿನ ಲೆಕ್ಕ ಬೇರೆಯೇ ಹೇಳುತ್ತಿತ್ತು. ಮೂರು ವಾರದಲ್ಲಿ ನಾಲ್ಕು ಸೆಂಟಿಮೀಟರ್ ಬೆಳೆದಿತ್ತು. ಆ ಚೀಟಿ ಇಲ್ಲದಿದ್ದರೆ ನಾವು ಇನ್ನೂ ಒಂದು ತಿಂಗಳು ಖುಷಿಯಲ್ಲೇ ಇರುತ್ತಿದ್ದೆವು.

ದಿನ ತುಂಬಿ ಹುಟ್ಟಿದ ಮಗುವಿನ ತಲೆ ಸುಮಾರು 34, 35 ಸೆಂಟಿಮೀಟರ್ ಇರುತ್ತದೆ. ಮೊದಲ ಮೂರು ತಿಂಗಳು ತಿಂಗಳಿಗೆ ಸುಮಾರು 2 ಸೆಂಟಿಮೀಟರ್, ಆಮೇಲೆ ಆರನೇ ತಿಂಗಳವರೆಗೆ ತಿಂಗಳಿಗೆ 1, ನಂತರ ವರ್ಷ ತುಂಬುವವರೆಗೆ ತಿಂಗಳಿಗೆ ಅರ್ಧ ಸೆಂಟಿಮೀಟರ್ ಬೆಳೆಯುತ್ತದೆ. ವಾರಕ್ಕೆ ಒಂದು ಸೆಂಟಿಮೀಟರ್ ಬೆಳೆಯುತ್ತಿದ್ದರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯದೆ ಹೊರಡಿ.

ಅಳೆಯುವುದು ಹೀಗೆ. ಹಿಗ್ಗದ ಟೇಪು ತೆಗೆದುಕೊಳ್ಳಿ. ದರ್ಜಿಯ ಹಳೇ ಟೇಪು ಎಳೆದರೆ ಹಿಗ್ಗುತ್ತದೆ, ಅದು ಬೇಡ. ಮುಂದೆ ಹುಬ್ಬಿನ ಸ್ವಲ್ಪ ಮೇಲೆ, ಹಿಂದೆ ತಲೆ ಎಲ್ಲಿ ಹೆಚ್ಚು ಉಬ್ಬಿದೆಯೋ ಅಲ್ಲಿ ಬರುವಂತೆ ಸುತ್ತಿ. ಮೂರು ಸಲ ಅಳೆದು ದೊಡ್ಡ ಸಂಖ್ಯೆ ಬರೆಯಿರಿ. ಹಿಂದೆ ಹೊಲಿಗೆಯ ಗುರುತು ಇರುವುದರಿಂದ ಟೇಪು ಎಲ್ಲಿ ಹಾದುಹೋಗಬೇಕು ಅಂತ ಸಿಸ್ಟರಿಂದ ಒಂದು ಸಲ ಕಲಿತುಕೊಳ್ಳಿ. ವಾರಕ್ಕೊಮ್ಮೆ, ಒಂದೇ ದಿನ, ಒಬ್ಬರೇ ಅಳೆಯಬೇಕು. ಸೋಮವಾರ ಅಜ್ಜಿ, ಗುರುವಾರ ಚಿಕ್ಕಮ್ಮ ಅಂತ ಬದಲಾದರೆ ಲೆಕ್ಕ ತಪ್ಪುತ್ತದೆ.

ಟೇಪಿನ ಜೊತೆ ನೆತ್ತಿಯನ್ನೂ ನೋಡಿ. ಮಗು ಅಳದೆ, ಎತ್ತಿ ಕೂರಿಸಿಕೊಂಡಿರುವಾಗ ನೆತ್ತಿ ಮೆತ್ತಗೆ, ಸಮವಾಗಿ ಇರಬೇಕು. ಉಬ್ಬಿ ಬಿಗಿಯಾಗಿದ್ದರೆ, ತಲೆಯ ಮೇಲೆ ರಕ್ತನಾಳ ಎದ್ದು ಕಂಡರೆ, ಕಣ್ಣುಗುಡ್ಡೆ ಮುಳುಗುವ ಸೂರ್ಯನ ಹಾಗೆ ಕೆಳಗೆ ಇಳಿದು ಮೇಲೆ ಬಿಳಿ ಕಂಡರೆ, ಪದೇ ಪದೇ ವಾಂತಿ ಮಾಡಿದರೆ ತಡ ಮಾಡಬೇಡಿ. ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಜ್ವರ ಬಂದರೂ ಆ ದಿನವೇ ಆಸ್ಪತ್ರೆ.

ಬಾಣಂತನದ ಪದ್ಧತಿಗಳ ಬಗ್ಗೆ ಒಂದು ಮಾತು. ಮಗುವಿಗೆ ಎರೆಯುವಾಗ ನೆತ್ತಿಗೆ ಹರಳೆಣ್ಣೆ ತಟ್ಟುವುದು, ತಲೆ ದುಂಡಗಾಗಲಿ ಅಂತ ಒತ್ತಿ ತೀಡುವುದು, ಸಾಸಿವೆ ದಿಂಬು ಇವೆಲ್ಲ ಈ ಮಗುವಿಗೆ ಬೇಡ. ಎರೆಯುವ ಅಜ್ಜಿಗೆ ಕಿಂಡಿ ಎಲ್ಲಿತ್ತು ಅಂತ ಬೆರಳಿಟ್ಟು ತೋರಿಸಿ. ಅವರು ಪ್ರೀತಿಯಿಂದಲೇ ಮಾಡುತ್ತಾರೆ, ತೋರಿಸಿದರೆ ಕೇಳುತ್ತಾರೆ.

ಹೆಜ್ಜೆ 8: ಶಂಟ್ ಹಾಕಿದರೆ

ಮಿದುಳಿನೊಳಗಿನ ನೀರನ್ನು ಚರ್ಮದ ಕೆಳಗೆ ಹಾದು ಹೊಟ್ಟೆಗೆ ಇಳಿಸುವ ತೆಳು ಕೊಳವೆಯೇ ಶಂಟ್. ಮಧ್ಯೆ ಒಂದು ವಾಲ್ವ್ ಇರುತ್ತದೆ. ಇದರ ಚರಿತ್ರೆಯಲ್ಲಿ ಒಬ್ಬ ಅಪ್ಪ ಇದ್ದಾರೆ. ಅಮೆರಿಕದ ಪೆನ್ಸಿಲ್ವೇನಿಯಾದ ಜಾನ್ ಹೋಲ್ಟರ್ ಡಾಕ್ಟರ್ ಅಲ್ಲ, ಯಂತ್ರದ ಕೆಲಸ ಬಲ್ಲವರು. 1955ರಲ್ಲಿ ಹುಟ್ಟಿದ ಅವರ ಮಗನಿಗೆ ಬೆನ್ನುಹುರಿಯ ದೋಷ, ತಲೆಯಲ್ಲಿ ನೀರು. ಮಗನ ಸರ್ಜನ್ ಯೂಜೀನ್ ಸ್ಪಿಟ್ಜ್ ಜೊತೆ ಸೇರಿ ಅವರು ಮಾಡಿದ ವಾಲ್ವ್ 1956ರಿಂದ ಮಕ್ಕಳ ತಲೆಯೊಳಗೆ ಕೆಲಸ ಮಾಡತೊಡಗಿತು.

ದುಬಾರಿ ಶಂಟ್ ಹಾಕಿಸಲು ಆಗಲಿಲ್ಲ ಅಂತ ಕೊರಗಬೇಡಿ. ಉತ್ತರ ಪ್ರದೇಶದ ಶಹಜಹಾನ್‌ಪುರದಲ್ಲಿ ತಯಾರಾಗುವ ಛಾಬ್ರಾ ಶಂಟ್ ಬೆಲೆಯಲ್ಲಿ ಬಹಳ ಅಗ್ಗ. ಉಗಾಂಡಾದ ಮಕ್ಕಳಲ್ಲಿ ಅದನ್ನು ದುಬಾರಿ ವಿದೇಶಿ ಶಂಟ್ ಜೊತೆ ಹೋಲಿಸಿ ನೋಡಿದರು. 2005ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಒಂದು ವರ್ಷದ ಹೊತ್ತಿಗೆ ಎರಡರ ಫಲಿತಾಂಶದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಕೆಲವು ಮಕ್ಕಳಿಗೆ ಶಂಟ್ ಇಲ್ಲದೆ, ದುರ್ಬೀನಿನ ಮೂಲಕ ಒಳಗೇ ನೀರಿಗೆ ದಾರಿ ಮಾಡುವ ಇಟಿವಿ ಅನ್ನುವ ಆಪರೇಷನ್ನೂ ಇದೆ. ನಿಮ್ಮ ಮಗುವಿಗೆ ಹೊಂದುತ್ತದಾ ಅಂತ ಕೇಳಿ.

ಶಂಟ್ ಕೆಡುತ್ತದೆ. ಹಾಕಿದ ಮೊದಲ ವರ್ಷದಲ್ಲೇ ಹತ್ತು ಮಕ್ಕಳಲ್ಲಿ ಮೂರು ನಾಲ್ಕು ಮಕ್ಕಳಿಗೆ ಕಟ್ಟಿಕೊಳ್ಳುವುದೋ ಸೋಂಕಾಗುವುದೋ ಆಗಿ ಮತ್ತೆ ಆಪರೇಷನ್ ಬೇಕಾಗುತ್ತದೆ. ಇದನ್ನು ಮೊದಲೇ ತಿಳಿದಿದ್ದರೆ ಆ ದಿನ ಬಂದಾಗ ಎದೆ ಒಡೆಯುವುದಿಲ್ಲ. ಸೋಂಕು ಹೆಚ್ಚಾಗಿ ಮೊದಲ ಆರು ತಿಂಗಳಲ್ಲೇ ಬರುತ್ತದೆ. ಕೊಳವೆ ಹೋದ ದಾರಿಯಲ್ಲಿ ಚರ್ಮ ಕೆಂಪಾಗುವುದು, ಜ್ವರ, ವಾಂತಿ, ಎಬ್ಬಿಸಿದರೂ ಏಳದಂಥ ನಿದ್ದೆ ಕಂಡರೆ ರಾತ್ರಿ ಎರಡು ಗಂಟೆಯಾದರೂ ಹೊರಡಿ. ಮಲಬದ್ಧತೆ ಜಾಸ್ತಿಯಾದರೂ ಹೊಟ್ಟೆಯ ಒತ್ತಡ ಏರಿ ಶಂಟ್ ಸರಿಯಾಗಿ ಇಳಿಸದೆ ಇರಬಹುದು, ಅದನ್ನೂ ಗಮನದಲ್ಲಿಡಿ.

ಜವಳ ತೆಗೆಸುವಾಗ ಹುಷಾರು. ಕತ್ತಿ ವಾಲ್ವ್ ಮೇಲೆ ಹಾದು ಚರ್ಮ ಗೀಚಿದರೆ ಅಲ್ಲಿಂದ ಸೋಂಕು ಒಳಗೆ ಹೋಗಬಹುದು. ನಾವು ದೇವರಿಗೆ ಹೇಳಿಕೊಂಡು ಕತ್ತರಿಯಲ್ಲಿ ನಾಲ್ಕು ಎಳೆ ಕೂದಲು ತೆಗೆಸಿದೆವು.

ಚೀಲ ಮೂಗಿನ ಬುಡದಲ್ಲಿದ್ದರೆ

ಕೆಲವು ಮಕ್ಕಳಿಗೆ ಕಿಂಡಿ ಮುಂದೆ, ಎರಡು ಕಣ್ಣಿನ ನಡುವೆ ಇರುತ್ತದೆ. ಥಾಯ್ಲೆಂಡ್, ಮ್ಯಾನ್ಮಾರ್ ಕಡೆ ಇದು ಹೆಚ್ಚು, ನಮ್ಮ ದೇಶದಲ್ಲೂ ಕಾಣುತ್ತದೆ. ತಲೆಯ ಹಿಂದೆ ಚೀಲ ಇರುವ ಮಕ್ಕಳಿಗಿಂತ ಇಂಥ ಮಕ್ಕಳ ಬುದ್ಧಿ ಬೆಳವಣಿಗೆ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಕಣ್ಣುಗಳ ನಡುವೆ ಅಂತರ ಹೆಚ್ಚಿರುವುದು, ಕಣ್ಣೀರು ಸುರಿಯುವುದು ಇರಬಹುದು. ಚರ್ಮ ಗಟ್ಟಿ ಇದ್ದು ಉಸಿರಿಗೆ, ದೃಷ್ಟಿಗೆ ಅಡ್ಡಿ ಇಲ್ಲದಿದ್ದರೆ ಕೆಲವು ತಿಂಗಳು ಕಾದು, ಮುಖದ ಮೂಳೆ ಸರಿಪಡಿಸುವ ಸರ್ಜನ್ ಜೊತೆ ಸೇರಿ ಆಪರೇಷನ್ ಮಾಡುತ್ತಾರೆ.

ಅಪಾಯ ಇರುವುದು ಹೊರಗೆ ಕಾಣದ ಬಗೆಯಲ್ಲಿ. ಚೀಲ ಮೂಗಿನ ಒಳಗೇ ಇಳಿದಿದ್ದರೆ ಪಾಲಿಪ್ ಅನ್ನುವ ಮೆತ್ತನೆ ಗಂಟಿನ ಹಾಗೆ ಕಾಣುತ್ತದೆ. ಎಳೆ ಮಗುವಿಗೆ ಪಾಲಿಪ್ ಬರುವುದು ಅಪರೂಪ. ಅತ್ತಾಗ ದಪ್ಪವಾಗುವ ಗಂಟು, ಒಂದೇ ಹೊಳ್ಳೆಯಿಂದ ತಿಳಿನೀರು, ಮತ್ತೆ ಮತ್ತೆ ಬರುವ ಮೆನಿಂಜೈಟಿಸ್ ಇದ್ದರೆ ಸ್ಕ್ಯಾನ್ ಆಗದೆ ಅದನ್ನು ಕೀಳಲು, ಚೂರು ತೆಗೆದು ಪರೀಕ್ಷೆಗೆ ಕಳಿಸಲು ಬಿಡಬೇಡಿ.

ಹೆಜ್ಜೆ 9: ಕಣ್ಣು, ಫಿಟ್ಸ್, ಬೆಳವಣಿಗೆ

ನೋಟದ ಕೆಲಸ ಮಿದುಳಿನ ಹಿಂಭಾಗದಲ್ಲಿ ನಡೆಯುತ್ತದೆ, ಚೀಲವೂ ಅಲ್ಲೇ ಇತ್ತು. ಕಣ್ಣು ಚೆನ್ನಾಗಿದ್ದರೂ ಕಂಡದ್ದು ಮಿದುಳಿಗೆ ತಿಳಿಯದೆ ಹೋಗಬಹುದು. ಎರಡು ತಿಂಗಳಿಗೆ ನಿಮ್ಮ ಮುಖ ನೋಡಿ ನಗುತ್ತದಾ, ಮೂರು ತಿಂಗಳಿಗೆ ಕೆಂಪು ಬಟ್ಟೆಯನ್ನು ಕಣ್ಣಲ್ಲೇ ಹಿಂಬಾಲಿಸುತ್ತದಾ ಅಂತ ನೋಡಿ. ಇಲ್ಲದಿದ್ದರೆ ಕಣ್ಣಿನ ತಜ್ಞರಿಗೆ ತೋರಿಸಿ. ಮೆನಿಂಜೈಟಿಸ್ ಆಗಿದ್ದ ಮಗುವಿಗೆ ಕಿವಿಯ ಪರೀಕ್ಷೆ ತಪ್ಪದೆ ಆಗಬೇಕು.

ಶಿಶುವಿನ ಫಿಟ್ಸ್ ದೊಡ್ಡವರ ಹಾಗೆ ಇರುವುದಿಲ್ಲ. ತುಟಿ ಚಪ್ಪರಿಸುತ್ತ ಇರುವುದು, ಸೈಕಲ್ ತುಳಿದ ಹಾಗೆ ಕಾಲಾಡಿಸುವುದು, ಕಣ್ಣು ಒಂದು ಕಡೆ ನೆಟ್ಟು ನಿಲ್ಲುವುದು ಫಿಟ್ಸ್ ಇರಬಹುದು. ನಿದ್ದೆಯಿಂದ ಎದ್ದ ಕೂಡಲೇ ಸಾಲಾಗಿ ಹತ್ತಿಪ್ಪತ್ತು ಸಲ ಬೆಚ್ಚಿದ ಹಾಗೆ ಮುದುಡಿಕೊಂಡರೆ ಅದನ್ನು ಹೊಟ್ಟೆನೋವು ಅಂತ ಬಿಡಬೇಡಿ. ಮೊಬೈಲಿನಲ್ಲಿ ವಿಡಿಯೋ ಮಾಡಿ ಡಾಕ್ಟರಿಗೆ ತೋರಿಸಿ. ನೂರು ಮಾತಿಗಿಂತ ಆ ಅರ್ಧ ನಿಮಿಷದ ವಿಡಿಯೋ ಹೆಚ್ಚು ಹೇಳುತ್ತದೆ.

ಲಸಿಕೆ ತಪ್ಪಿಸಬೇಡಿ. ಮೆನಿಂಜೈಟಿಸ್ ತರುವ ಎರಡು ದೊಡ್ಡ ಸೋಂಕುಗಳಿಗೆ ಸರ್ಕಾರಿ ಲಸಿಕೆಯಲ್ಲೇ ತಡೆ ಇದೆ. ಫಿಟ್ಸ್ ಇದ್ದರೆ ಯಾವ ಲಸಿಕೆ ಯಾವಾಗ ಅಂತ ಕೇಳಿಕೊಂಡು ಹಾಕಿಸಿ.

ಕುತ್ತಿಗೆ ನಿಲ್ಲುವುದು, ಕೂರುವುದು ತಡವಾಗುತ್ತಿದೆ ಅನಿಸಿದರೆ ಕಾದು ನೋಡಬೇಡಿ. ಮಕ್ಕಳ ಬೆಳವಣಿಗೆಯ ತೊಂದರೆ ನೋಡುವ ಜಿಲ್ಲೆಯ ಡಿಇಐಸಿ ಕೇಂದ್ರದಲ್ಲಿ ಫಿಸಿಯೋಥೆರಪಿ, ಮಾತಿನ ತರಬೇತಿ ಉಚಿತ. ಮುಂದೆ ಬೇಕಾದರೆ ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡ್ ಮಾಡಿಸಿ. ಕಾರ್ಡ್ ಮಾಡಿಸಿದರೆ ಮಗುವಿಗೆ ಹಣೆಪಟ್ಟಿ ಅಂಟಿದ ಹಾಗೆ ಅಂತ ತಮ್ಮ ಒಂದು ವರ್ಷ ಒಪ್ಪಲಿಲ್ಲ. ಆ ವರ್ಷ ಸಿಗಬೇಕಾಗಿದ್ದ ಸೌಲಭ್ಯಗಳು ಹೋದವು, ಅಷ್ಟೇ.

ಅಮ್ಮನನ್ನೂ ನೋಡಿಕೊಳ್ಳಿ. ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಮಾತಿಲ್ಲ ಅಂದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ.

ಹೆಜ್ಜೆ 10: ಮುಂದಿನ ಮಗುವಿಗೆ ಮೊದಲು

ಒಂದು ಮಗುವಿಗೆ ನರಕೊಳವೆಯ ದೋಷ ಇದ್ದರೆ ಮುಂದಿನದಕ್ಕೂ ಬರುವ ಸಾಧ್ಯತೆ ನೂರಕ್ಕೆ ಎರಡರಿಂದ ನಾಲ್ಕು. ಅದನ್ನು ಇನ್ನಷ್ಟು ಇಳಿಸಬಹುದು. ಇಂಥ ಅಮ್ಮಂದಿರಿಗೆ ಗರ್ಭಕ್ಕೆ ಮೊದಲಿಂದ ದಿನಕ್ಕೆ 4 ಮಿಲಿಗ್ರಾಂ ಫೋಲಿಕ್ ಆಸಿಡ್ ಅನ್ನುವ ವಿಟಮಿನ್ ಕೊಟ್ಟು ಏಳು ದೇಶಗಳಲ್ಲಿ ಪರೀಕ್ಷೆ ಮಾಡಿದರು. ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ 1991ರಲ್ಲಿ ಅದರ ಫಲಿತಾಂಶ ಪ್ರಕಟಿಸಿತು. ದೋಷ ಮರುಕಳಿಸುವುದು ಶೇಕಡಾ 72ರಷ್ಟು ಕಡಿಮೆಯಾಗಿತ್ತು.

ಮೊದಲ ಸಲ ಗರ್ಭಿಣಿಯಾಗುವ ಸಾಮಾನ್ಯ ಹೆಣ್ಣುಮಕ್ಕಳಿಗೆ ದಿನಕ್ಕೆ 400 ಮೈಕ್ರೋಗ್ರಾಂ ಸಾಕು. ನಿಮ್ಮ ಪ್ರಮಾಣ ಎಷ್ಟು ಅಂತ ಡಾಕ್ಟರೇ ಹೇಳಬೇಕು. ನಮ್ಮಲ್ಲಿ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು 5 ಮಿಲಿಗ್ರಾಂ ಮಾತ್ರೆ. ಮಗು ಬೇಕು ಅಂತ ತೀರ್ಮಾನಿಸಿದ ತಿಂಗಳಲ್ಲೇ ಶುರುಮಾಡಿ, ಗರ್ಭಕ್ಕೆ ಮೂರು ತಿಂಗಳು ತುಂಬುವವರೆಗೆ ತೆಗೆದುಕೊಳ್ಳಬೇಕು. ಮುಟ್ಟು ನಿಂತು, ಟೆಸ್ಟ್ ಮಾಡಿ, ತಾಯಿ ಕಾರ್ಡ್ ಮಾಡಿಸುವ ಹೊತ್ತಿಗೆ ನರಕೊಳವೆ ಮುಚ್ಚಿ ಆಗಿರುತ್ತದೆ. ಫಿಟ್ಸ್ ಕಾಯಿಲೆಗೆ ವಾಲ್‌ಪ್ರೊಏಟ್ ಮಾತ್ರೆ ತೆಗೆದುಕೊಳ್ಳುವವರು, ಸಕ್ಕರೆ ಕಾಯಿಲೆ ಇರುವವರು ಗರ್ಭಕ್ಕೆ ಮೊದಲೇ ಡಾಕ್ಟರನ್ನು ಕಾಣಬೇಕು. ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ಮೆಕೆಲ್-ಗ್ರೂಬರ್ ಥರದ ವಂಶವಾಹಿ ತೊಂದರೆಯನ್ನು ಫೋಲಿಕ್ ಆಸಿಡ್ ತಡೆಯುವುದಿಲ್ಲ. ಅಲ್ಲಿ ಪ್ರತಿ ಗರ್ಭಕ್ಕೂ ನಾಲ್ಕರಲ್ಲಿ ಒಂದು ಸಾಧ್ಯತೆ ಇರುವುದರಿಂದ ಜೆನೆಟಿಕ್ ಕೌನ್ಸೆಲಿಂಗ್, ಅಂದರೆ ವಂಶವಾಹಿ ತಜ್ಞರ ಸಲಹೆ, ಬೇಕೇ ಬೇಕು.

ನನ್ನ ತಮ್ಮನ ಮಗಳು ಈಗ ಅಂಗನವಾಡಿಗೆ ಹೋಗುತ್ತಾಳೆ. ನಡಿಗೆ ಸ್ವಲ್ಪ ತೂರಾಡುತ್ತದೆ, ದಪ್ಪ ಕನ್ನಡಕ ಇದೆ, ಶಂಟ್ ಒಂದು ಸಲ ಬದಲಾಗಿದೆ. ನಮ್ಮ ಕಡೆ ಯಾವ ಹುಡುಗಿಗೆ ಮದುವೆಯಾದರೂ ನನ್ನ ತಮ್ಮನ ಹೆಂಡತಿ ಮೊದಲ ತಿಂಗಳಲ್ಲೇ ಫೋನ್ ಮಾಡಿ ಕೇಳುತ್ತಾಳೆ: "ಫೋಲಿಕ್ ಆಸಿಡ್ ಶುರು ಮಾಡಿದ್ಯೇನೇ?"